ಕಾರ್ಬೊರೇಟರ್ ಪಂಡಿತರ ಜೀಪು

ನಮ್ಮ ಜೀಪಿನ ಕೀ ಮೂರು ವರ್ಷ ಅಡುಗೆಮನೆಯ ಗೂಡಿನಲ್ಲಿ, ಉಪ್ಪಿನ ಜಾಡಿಯ ಪಕ್ಕ ಇರುತ್ತಿತ್ತು. ಬೇಕಾದಾಗ ತೆಗೆದುಕೊಳ್ಳುತ್ತಿದ್ದೆ, ಬಂದ ಮೇಲೆ ಅಲ್ಲೇ ಇಡುತ್ತಿದ್ದೆ. ಯಾರನ್ನೂ ಕೇಳುತ್ತಿರಲಿಲ್ಲ. ನಾನು ಹೇಳಹೊರಟಿರುವುದು ಆ ಕೀ ನನ್ನ ಕೈತಪ್ಪಿದ ಕಥೆ. ಮಿಕ್ಕಿದ್ದೆಲ್ಲ, ಆ ಕಾರ್ಬೊರೇಟರು, ಕಂಪ್ಯೂಟರು, ಪಂಪು, ಪೈಪು, ಗಂಡಸರ ಗಲಾಟೆ. ಅದನ್ನೂ ಹೇಳುತ್ತೇನೆ. ಹೇಳದಿದ್ದರೆ ನನಗೆ ತಿಂದ ಅನ್ನ ಜೀರ್ಣವಾಗುವುದಿಲ್ಲ.

ನಾನು ಗಾಡಿ ಓಡಿಸಲು ಕಲಿತದ್ದು ನಲವತ್ತೆರಡನೇ ವಯಸ್ಸಿನಲ್ಲಿ. ಕಲಿಸಿದವರು ನಮ್ಮ ಯಜಮಾನರು ಎಂದು ಅವರು ಹೇಳಿಕೊಳ್ಳುತ್ತಾರೆ. ನಡೆದದ್ದಿಷ್ಟು: ನೀರಿಲ್ಲದ ಕೆರೆಯಂಗಳದಲ್ಲಿ ಎರಡು ಸಂಜೆ ಪಕ್ಕದಲ್ಲಿ ಕೂತು ಕಿರುಚಿದರು, ಮೂರನೇ ಸಂಜೆ ಗಂಟಲು ಕಟ್ಟಿತೆಂದು ಮನೆಯಲ್ಲೇ ಉಳಿದರು. ಆ ಸಂಜೆ ನಾನು ಕಲಿತೆ. ಆಮೇಲೆ ಮಧುಗಿರಿಗೆ ಹೋಗಿ, ಪರೀಕ್ಷೆ ಕೊಟ್ಟು, ಲೈಸೆನ್ಸನ್ನೂ ಮಾಡಿಸಿಕೊಂಡು ಬಂದೆ. ಯಜಮಾನರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಫೋಟೋ ಚೆನ್ನಾಗಿ ಬಂದಿಲ್ಲ ಅಂದರು.

ನಮ್ಮ ಊರು ದೊಡ್ಡೇರಿ ಹೋಬಳಿಯದು. ಯಜಮಾನರು ಕೊರಟಗೆರೆಯ ಕಚೇರಿಯೊಂದರಲ್ಲಿ ಗುಮಾಸ್ತರು, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾರೆ. ತೋಟ ನನ್ನದು. ಬೆಟ್ಟದ ಬುಡದಲ್ಲಿ ಒಂದೂವರೆ ಎಕರೆ ಸೇವಂತಿಗೆ. ಊರಿಗೂ ತೋಟಕ್ಕೂ ನಡುವೆ ಒಂದು ಹಳ್ಳ ಇದೆ, ಅದರ ತುಂಬ ಮರಳು, ಮರಳಿನೊಳಗೆ ಗುಂಡುಕಲ್ಲು. ಎತ್ತಿನಗಾಡಿಯೂ ನಿಂತು ಯೋಚನೆ ಮಾಡುವ ಜಾಗ. ಸಂಜೆ ಬಿಡಿಸಿದ ಹೂವನ್ನು ತುಂಬಿ, ಬೆಳಗ್ಗೆ ಆರಕ್ಕೆ ಕ್ರಾಸಿನಲ್ಲಿ ತುಮಕೂರು ಬಸ್ಸಿಗೆ ಹಾಕಬೇಕು. ಬಸ್ಸು ಹೋದರೆ ಹೂವು ಹೋಯಿತು. ಜೀಪು ಬರುವ ಮುಂಚೆ ಎದುರುಮನೆಯ ಟ್ರ್ಯಾಕ್ಟರಿನವನ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದೆ. ಅವನು ಮೈಮುರಿದು, ಆಕಳಿಸಿ, "ನೋಡಾನ ಬುಡಮ್ಮ" ಅನ್ನುತ್ತಿದ್ದ. ಆ "ನೋಡಾನ" ಕೇಳಿಸಿಕೊಂಡು ಹದಿನೈದು ವರ್ಷ ಬದುಕಿದ್ದೇನೆ ನಾನು. ಆದ್ದರಿಂದ ಯಜಮಾನರು ಬೆಂಗಳೂರಿನ ಯಾರೋ ಶೋಕಿಲಾಲನಿಂದ ಹಳೇ ಪೆಟ್ರೋಲ್ ಜೀಪೊಂದನ್ನು, ನಾಲ್ಕೂ ಚಕ್ರ ಎಳೆಯುವಂಥದ್ದನ್ನು, ತಮ್ಮ ಶೋಕಿಗೆಂದೇ ಕೊಂಡು ತಂದಾಗ ನಾನು ಬೈಯಲಿಲ್ಲ. ಕೀ ತಿರುಗಿಸಿದರೆ ಸ್ಟಾರ್ಟ್ ಆಗುತ್ತಿತ್ತು. ಚಳಿಗಾಲದಲ್ಲೂ ಆಗುತ್ತಿತ್ತು. ಒಳಗೆ ಏನು ನಡೆಯುತ್ತದೆಂದು ನಾನು ಕೇಳಲಿಲ್ಲ, ಅದೂ ಹೇಳಲಿಲ್ಲ. ಇಂಜೆಕ್ಷನ್ ಗಾಡಿ, ಪೆಟ್ರೋಲನ್ನು ಒಂದು ಕಂಪ್ಯೂಟರ್ ಪೆಟ್ಟಿಗೆ ಅಳೆದು ಬಿಡುತ್ತದೆ ಎಂದಷ್ಟೇ ಗೊತ್ತಿತ್ತು.

ಹೀಗಿರುವಾಗ ಒಂದು ಬೇಸಿಗೆಯಲ್ಲಿ ಯಜಮಾನರು ಬಿತ್ತನೆಗೆ ತಂದ ಎರಡು ಮೂಟೆ ಕಡಲೆಕಾಯಿಯನ್ನು ಜೀಪಿನೊಳಗೆ ಇಟ್ಟರು. ಮನೆಯೊಳಗೆ ಇಲಿ ಕಾಟ, ಜೀಪಿನಲ್ಲಿ ಬಾಗಿಲು ಭದ್ರ, ಎಂದು ಅವರ ವಾದ. ಇಲಿಗೆ ಬಾಗಿಲಿನ ಹಂಗಿಲ್ಲ ಕಣ್ರೀ ಎಂದೆ. ನಿನಗೇನು ಗೊತ್ತು ಅಂದರು. ನಮ್ಮ ಮನೆಯಲ್ಲಿ ಆ ಮಾತು ಬಂದರೆ ಚರ್ಚೆ ಮುಗಿಯಿತು ಎಂದರ್ಥ. ಹತ್ತು ದಿನ ಮೂಟೆಗಳು ಅಲ್ಲೇ ಇದ್ದವು. ನಾನು ಅವುಗಳನ್ನು ಹಿಂದಕ್ಕೆ ತಳ್ಳಿ ಹೂವು ತುಂಬುತ್ತಿದ್ದೆ.

ಅದಾಗಿ ಸ್ವಲ್ಪ ದಿನಕ್ಕೆ, ಯಜಮಾನರೇ ಓಡಿಸುತ್ತಿದ್ದಾಗ, ಕೊರಟಗೆರೆ ದಾಟುತ್ತಿದ್ದಂತೆ ಮೀಟರಿನಲ್ಲಿ ಹಳದಿ ದೀಪ ಹತ್ತಿ, ಗಾಡಿ ನಾಲ್ಕು ಸಲ ಜಗ್ಗಿ ನಿಂತುಹೋಯಿತು. ತುಮಕೂರಿನ ಒಂದು ದೊಡ್ಡ ಗ್ಯಾರೇಜಿಗೆ ಎಳೆಸಿಕೊಂಡು ಹೋದರು. ಅಲ್ಲಿ ಲ್ಯಾಪ್‌ಟಾಪ್ ಹಿಡಿದು ಬಂದದ್ದು ಇಪ್ಪತ್ತೈದು ವರ್ಷದ ಒಬ್ಬ ಹೆಣ್ಣುಮಗಳು. ವೈರು ಸಿಕ್ಕಿಸಿದಳು, ನೋಡಿದಳು. "ಅಂಕಲ್, ಸೆನ್ಸರ್‌ದು ಸಿಗ್ನಲ್ ಬರ್ತಿಲ್ಲ. ವೈರಿಂಗ್ ನೋಡ್ಬೇಕು, ಎರಡು ದಿನ ಬಿಟ್ಟುಹೋಗಿ" ಅಂದಳು. ಇಷ್ಟೇ ಅಂದಳು, ಯಜಮಾನರೇ ನನಗೆ ಹೇಳಿದ್ದು. ಆದರೆ ಅವರ ಕಿವಿಗೆ ಬಿದ್ದದ್ದು "ಅಂಕಲ್" ಒಂದೇ ಇರಬೇಕು. ಮುಖ ಊದಿಸಿಕೊಂಡು ಗಾಡಿಯನ್ನು ಮನೆಗೇ ಎಳೆಸಿಕೊಂಡು ಬಂದರು. ಅಷ್ಟು ವರ್ಷ ಗಾಡಿ ಓಡಿಸಿದವರಿಗೆ, ಒಂದು ಸ್ಪ್ಯಾನರ್ರೂ ಮುಟ್ಟದ ಹುಡುಗಿ ಬುದ್ಧಿ ಹೇಳುವುದೆಂದರೇನು. ಮಾರನೇ ದಿನ ಟೀ ಅಂಗಡಿಯಲ್ಲಿ ಅದು "ಕಂಪ್ಯೂಟರ್ ಹೋಗೈತೆ" ಎಂದಾಯಿತು. ವಾರದೊಳಗೆ "ಕಂಪ್ಯೂಟರ್ ಗಾಡಿಗಳೇ ಮೋಸ" ಎಂದಾಯಿತು.

ಇಂಥ ಹೊತ್ತಿಗೆ ಕಾಯುತ್ತಿರುವವರು ಪ್ರತಿ ಊರಿನಲ್ಲೂ ಒಬ್ಬರಿರುತ್ತಾರೆ. ನಮಗೆ ಸಿಕ್ಕವರು ಯಜಮಾನರ ಗೆಳೆಯರು, ಮಧುಗಿರಿಯಲ್ಲಿ ಬೋರ್‌ವೆಲ್ ಮೋಟರುಗಳಿಗೆ ತಂತಿ ಸುತ್ತುವ ವೈಂಡಿಂಗ್ ಅಂಗಡಿಯವರು. ಮೋಟರು ಸುತ್ತುವುದರಲ್ಲಿ ಒಳ್ಳೆಯ ಕೈ, ಸುಳ್ಳು ಹೇಳಬಾರದು. ಆದರೆ ಒಂದು ವಿದ್ಯೆ ಬಂದವರಿಗೆ ಮಿಕ್ಕ ಅರವತ್ತಮೂರೂ ತಾನಾಗಿ ಬಂದಿವೆ ಅನ್ನಿಸುವ ಕಾಯಿಲೆ ನಮ್ಮ ಸೀಮೆಯಲ್ಲಿ ಜಾಸ್ತಿ. ಅವರು ನಮ್ಮ ಜಗುಲಿಯ ಮೇಲೆ ಕೂತು, ನಾನು ಕೊಟ್ಟ ಕಾಫಿ ಕುಡಿದು, ತೀರ್ಪು ಕೊಟ್ಟರು.

"ಅಣ್ಣ, ಈ ಡಬ್ಬಾನೆಲ್ಲ ಕಿತ್ತಾಕಿ ಕಾರ್ಬೊರೇಟರ್ ಕೂರ್ಸ್‌ಬುಡಾನ. ಒಂದು ಸ್ಕ್ರೂಡ್ರೈವರ್ ಇದ್ರೆ ಸಾಕು, ಕಾಡಲ್ಲಿ ನಿಂತ್ರೂ ರಿಪೇರಿ ಮಾಡ್ಕಂಡ್ ಬರ್ಬೋದು."

ಕಾರ್ಬೊರೇಟರ್ ಎಂದರೆ ಕಂಪ್ಯೂಟರಿನ ಹಂಗಿಲ್ಲದೆ ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಬಿಡುವ ಹಳೇ ಕಾಲದ ಸಾಧನ. ನಾವು ಯಾವ ಕಾಡಿಗೆ ಹೋಗುತ್ತೇವೆಂದು ಯಾರೂ ಕೇಳಲಿಲ್ಲ. ತೋವಿನಕೆರೆಯಲ್ಲಿ ಒಬ್ಬರು ಹೀಗೇ ಮಾಡಿಸಿ ರಾಜನಂತೆ ಓಡಾಡುತ್ತಿದ್ದಾರೆ ಎಂದರು. ಆ ತೋವಿನಕೆರೆಯ ಜೀಪನ್ನು ಇಬ್ಬರೂ ಕಣ್ಣಾರೆ ಕಂಡವರಲ್ಲ. ಆದರೂ ಅದರ ಮೈಲೇಜು, ಅದರ ಎಳೆತ, ಅದು ಬೆಟ್ಟ ಹತ್ತಿದ ರೀತಿ ಎಲ್ಲ ಬಾಯಿಪಾಠವಾಗಿತ್ತು. ನಾನು ಲೋಟ ತೆಗೆದುಕೊಳ್ಳಲು ಬಂದಾಗ ಒಂದೇ ಒಂದು ಮಾತು ಕೇಳಿದೆ: ಅದಾದ ಮೇಲೆ ನಾನು ಬೆಳಗಿನ ಜಾವ ಒಬ್ಬಳೇ ಸ್ಟಾರ್ಟ್ ಮಾಡಿಕೊಂಡು ಹೋಗಬಹುದಾ? ಇಬ್ಬರೂ ನಕ್ಕರು. ಮಕ್ಕಳಾಟಿಕೆಯಷ್ಟು ಸುಲಭ ಎಂದು ವೈಂಡಿಂಗ್ ಅಂಗಡಿಯವರು ಅಭಯ ಕೊಟ್ಟರು. ಕೀ ಇನ್ನೂ ಗೂಡಿನಲ್ಲೇ ಇತ್ತು, ನಾನು ಸುಮ್ಮನಾದೆ. ಸುಮ್ಮನಾದದ್ದು ನನ್ನ ತಪ್ಪು.

ಐದು ಭಾನುವಾರ ನಡೆಯಿತು ಆ ಯಜ್ಞ. ಗಾಡಿ ನಿಂತ ಆ ದಿನಗಳಲ್ಲಿ ತೋಟದಲ್ಲಿ ಒಂದು ಬೆಳೆ ಮುಗಿದು ಇನ್ನೊಂದು ಹೂವಿಗೆ ಬಂದಿರಲಿಲ್ಲ, ಬಸ್ಸಿನ ಚಿಂತೆ ಇರಲಿಲ್ಲ. ಸಿರಾದಲ್ಲಿ ಹಳೇ ಗಾಡಿಗಳ ಸಾಮಾನು ಮಾರುವ ಒಬ್ಬ ಸಾಬರಿಂದ ಕಾರ್ಬೊರೇಟರು, ಅದು ಕೂರುವ ಪೀಠ, ತಣ್ಣಗಿನ ಎಂಜಿನ್ನು ಹತ್ತಿಸಲು ಎಳೆಯುವ ಚೋಕಿನ ವೈರು ಎಲ್ಲ ಬಂದವು. ಕಾರ್ಬೊರೇಟರನ್ನು ಪೆಟ್ರೋಲಿನಲ್ಲಿ ನೆನೆಸಲು ನನ್ನ ಹಾಲು ಕಾಯಿಸುವ ಪಾತ್ರೆ ಹೋಯಿತು, ತಿಕ್ಕಲು ಹೊಸ ಹಲ್ಲುಜ್ಜುವ ಬ್ರಷ್ಷು ಹೋಯಿತು. ಆ ಪಾತ್ರೆಯಲ್ಲಿ ಆಮೇಲೆ ಹಾಲು ಕಾಯಿಸಲಾಗಲಿಲ್ಲ, ಈಗ ಅದು ಕೋಳಿಗೆ ನೀರಿಡಲು ಇದೆ. ಎಲ್ಲ ಜೋಡಿಸಿದ ಮೇಲೆ ಒಂದು ಡಬ್ಬಿ ಬೋಲ್ಟು ಮಿಕ್ಕವು. ಕಂಪನಿಯವರು ಸುಮ್ಮನೆ ಜಾಸ್ತಿ ಹಾಕಿರುತ್ತಾರೆ ಎಂದರು ಯಜಮಾನರು, ಸಂತೋಷದಿಂದಲೇ. ಬಿಚ್ಚಿದ ಕಂಪ್ಯೂಟರ್ ಪೆಟ್ಟಿಗೆ, ವೈರಿನ ಕಂತೆ, ಇಂಜೆಕ್ಟರುಗಳನ್ನು ಗುಜರಿಗೆ ಹಾಕು ಅಂದರು. ನಾನು ಒಂದು ಗೋಣಿಚೀಲಕ್ಕೆ ತುಂಬಿ ಅಟ್ಟಕ್ಕೆ ಎಸೆದೆ. ಮುಂದಿನದು ಕಂಡು ಮಾಡಿದ್ದಲ್ಲ. ಗುಜರಿಯವನು ಆ ವಾರ ಬರಲಿಲ್ಲ, ಅಷ್ಟೇ.

ಇನ್ನು ಪಂಪಿನ ವಿಚಾರ. ಇಂಜೆಕ್ಷನ್ ಗಾಡಿಯ ಟ್ಯಾಂಕಿನೊಳಗೇ ಒಂದು ಪಂಪು ಇರುತ್ತದೆ, ಪೆಟ್ರೋಲನ್ನು ಭಾರೀ ಒತ್ತಡದಲ್ಲಿ ತಳ್ಳುತ್ತದೆ. ಕಾರ್ಬೊರೇಟರಿಗೆ ಅಷ್ಟು ಬೇಡ, ಸಣ್ಣ ಪಂಪು ಹಾಕಿಸಿ ಎಂದು ಸಿರಾದ ಸಾಬರು ಹೇಳಿ ಕಳಿಸಿದ್ದರಂತೆ. ಇವರಿಬ್ಬರೂ ಅದನ್ನು ಕೇಳಿ ನಕ್ಕಿದ್ದರು. ಯಾಕೆಂದರೆ ನಮ್ಮ ಸೀಮೆಯಲ್ಲಿ ಸಾವಿರ ಅಡಿ ಕೊರೆಸಿ ಎರಡಿಂಚು ನೀರು ಬಿದ್ದರೆ ಕುಣಿಯುವ ಜನ. ಒತ್ತಡ ಜಾಸ್ತಿ ಎಂಬುದು ನಮ್ಮವರ ಪಾಲಿಗೆ ಎಂದೂ ದೋಷವಲ್ಲ, ಪುಣ್ಯ.

"ಅಂಥಾ ಫೋರ್ಸ್ ಇರೋ ಪಂಪು, ಯಾಕ್ ಬಿಸಾಕ್ಬೇಕು?" ಅಂದರು ವೈಂಡಿಂಗ್ ಅಂಗಡಿಯವರು.

ಅದರ ಜೊತೆಗೆ, ಮಿಕ್ಕ ಪೆಟ್ರೋಲನ್ನು ವಾಪಸು ಟ್ಯಾಂಕಿಗೆ ಒಯ್ಯುವ ಪೈಪೊಂದು ಇತ್ತು. ಎಂಜಿನ್ನಿನವರೆಗೆ ಬಂದ ಪೆಟ್ರೋಲು ಸುಮ್ಮನೆ ವಾಪಸು ಹೋಗುವುದನ್ನು ಕಂಡು ಇಬ್ಬರಿಗೂ ಹೊಟ್ಟೆ ಉರಿಯಿತು. ಬೋರ್‌ವೆಲ್ಲಿನಿಂದ ಮೇಲೆ ಬಂದ ನೀರನ್ನು ಯಾರಾದರೂ ವಾಪಸು ಬೋರಿಗೆ ಬಿಡುತ್ತಾರೆಯೇ? ಆ ಪೈಪಿನ ಬಾಯಿಗೆ ಒಂದು ಬೋಲ್ಟು ತುರುಕಿ ಕ್ಲಿಪ್ಪು ಬಿಗಿದರು. ಮಿಕ್ಕ ಬೋಲ್ಟುಗಳಲ್ಲಿ ಒಂದಕ್ಕಾದರೂ ಕೆಲಸ ಸಿಕ್ಕಿತು.

ಐದನೇ ಭಾನುವಾರ ತೆಂಗಿನಕಾಯಿ ಒಡೆದು, ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು ಇಟ್ಟು, ಕೀ ತಿರುಗಿಸಿದರು. ಒಂಬತ್ತನೇ ಸಲಕ್ಕೆ ಹತ್ತಿಕೊಂಡಿತು. ಹೊಗೆಗೆ ಹಿತ್ತಲಿನ ಕೋಳಿಗಳು ಬೇಲಿ ಹಾರಿದವು. ಇಬ್ಬರೂ ಬಾನೆಟ್ಟಿಗೆ ಒರಗಿ ಫೋಟೋ ತೆಗೆಸಿಕೊಂಡು, ವಾಟ್ಸ್ಯಾಪಿನಲ್ಲಿ ಸ್ಟೇಟಸ್ ಹಾಕಿದರು.

ಮಾರನೇ ದಿನದಿಂದ ನನ್ನ ಪಾಡು ಶುರುವಾಯಿತು. ಸ್ಟಾರ್ಟ್ ಮಾಡುವುದು ಈಗ ಒಂದು ಪೂಜೆ, ಯಜಮಾನರು ಅದರ ಪೂಜಾರಿ. ಚೋಕನ್ನು ಪೂರ್ತಿ ಎಳೆಯಬೇಕು. ಕೀ ಹಾಕಿ ಇಪ್ಪತ್ತು ಎಣಿಸಬೇಕು. ಆಕ್ಸಿಲರೇಟರನ್ನು ಮೂರು ಸಲ ತುಳಿಯಬೇಕು, ನಾಲ್ಕಲ್ಲ. ತಿರುಗಿಸುವಾಗ ಅರ್ಧ ತುಳಿದಿರಬೇಕು. ಕೆಮ್ಮಿದ ಕೂಡಲೇ ಚೋಕು ಅರ್ಧ ತಳ್ಳಬೇಕು. ತಲೆ ಒಂದು ಕಡೆ ವಾಲಿಸಿ ಸದ್ದು ಕೇಳಬೇಕು, ಇದು ಅವರೇ ಸೇರಿಸಿದ್ದು. ಮಂಗಳವಾರ ಈ ಕ್ರಮ ಸರಿಹೋದರೆ ಬುಧವಾರ ಬೇರೆ ಕ್ರಮ. ಅಂಗಳದ ತುಂಬ ಪೆಟ್ರೋಲ್ ವಾಸನೆ. ನಾನು ಪುಸ್ತಕದಲ್ಲಿ ಬರೆದಿಟ್ಟುಕೊಂಡು ಅದೇ ಪ್ರಕಾರ ಮಾಡಿದರೂ ಗರ್ರ್ ಗರ್ರ್ ಎಂದು ತಿರುಗಿ ಸುಮ್ಮನಾಗುತ್ತಿತ್ತು. ಅವರಿಗೂ ಎರಡು ದಿನಕ್ಕೊಮ್ಮೆ ಕೈಕೊಡುತ್ತಿತ್ತು. ಆದರೆ ಅವರಿಗೆ ಕೈಕೊಟ್ಟರೆ ಅದು ಗಾಡಿಯ ಗುಣ, ನನಗೆ ಕೈಕೊಟ್ಟರೆ ನನ್ನ ಗುಣ.

ಎರಡನೇ ವಾರ, ಬೆಳಗಿನ ಐದೂವರೆ. ಹಿಂದಿನ ಸಂಜೆಯೇ ತುಂಬಿಟ್ಟ ಹನ್ನೊಂದು ಚೀಲ ಸೇವಂತಿಗೆ ಜೀಪಿನಲ್ಲಿತ್ತು. ಎಳೆದೆ, ಎಣಿಸಿದೆ, ತುಳಿದೆ. ಹತ್ತಲಿಲ್ಲ. ಮತ್ತೆ ಮಾಡಿದೆ. ಬ್ಯಾಟರಿ ಮುಗಿಯುವವರೆಗೆ ಮಾಡಿದೆ. ಯಜಮಾನರು ಎದ್ದು ಬಂದು ಬಾನೆಟ್ ಎತ್ತಿದರೆ ಕಾರ್ಬೊರೇಟರಿನ ಮೈಯೆಲ್ಲ ಪೆಟ್ರೋಲು ಸುರಿಯುತ್ತಿತ್ತು. ದೂರದಲ್ಲಿ ಕ್ರಾಸಿನಲ್ಲಿ ಬಸ್ಸಿನವನು ಹಾರ್ನ್ ಹಾಕಿದ, ಇನ್ನೊಂದು ಸಲ ಹಾಕಿದ, ಹೋದ. ಆ ಹೂವು ಮಧ್ಯಾಹ್ನಕ್ಕೆ ಬಾಡಿ ಗೊಬ್ಬರದ ಗುಂಡಿ ಸೇರಿತು. ನಾನು ಅತ್ತೆ. ದುಃಖಕ್ಕಲ್ಲ, ಸಿಟ್ಟಿಗೆ. ಮೂರು ವರ್ಷದಲ್ಲಿ ಒಂದು ದಿನವೂ ಬಸ್ಸು ತಪ್ಪಿಸಿದವಳಲ್ಲ ನಾನು.

ಸಂಜೆ ಯಜಮಾನರು ಕಚೇರಿಯಿಂದ ಬಂದವರು ಸಮಾಧಾನದ ದನಿಯಲ್ಲಿ ಹೇಳಿದರು.

"ಇದು ಹೆಂಗಸ್ರ ಕೈಗೆ ಒಗ್ಗೋ ಗಾಡಿಯಲ್ಲ, ಬುಡು. ನೀನು ತುಳ್ದೂ ತುಳ್ದೂ ಹಾಳು ಮಾಡ್ತೀಯ. ಕೀ ನನ್ ತಾವೇ ಇರ್ಲಿ."

ಗೂಡಿನಿಂದ ಕೀ ತೆಗೆದು ಜೇಬಿಗೆ ಹಾಕಿಕೊಂಡರು. ಅವತ್ತಿನಿಂದ ಜೀಪು ಅಂಗಳದಲ್ಲಿ ನಿಂತಿರುತ್ತಿತ್ತು, ಕೀ ಕೊರಟಗೆರೆಯ ಕಚೇರಿಯಲ್ಲಿ ಅವರ ಜೇಬಿನಲ್ಲಿರುತ್ತಿತ್ತು. ಬೇಕೆಂದರೆ ಕೇಳಬೇಕು. ಕೇಳಿದರೆ ಮೂರು ಪ್ರಶ್ನೆ: ಯಾಕೆ? ಎಲ್ಲಿಗೆ? ಎಷ್ಟೊತ್ತಿಗೆ ಬರ್ತೀಯ? ಗಾಡಿಯೇ ಸ್ಟಾರ್ಟ್ ಆಗುವುದಿಲ್ಲ, ಮೂರಕ್ಕೂ ಉತ್ತರ ಹೇಳಿ ಏನು ಮಾಡಲಿ. ಮತ್ತೆ ಎದುರುಮನೆಯ ಬಾಗಿಲಿಗೆ ಹೋದೆ. ಟ್ರ್ಯಾಕ್ಟರಿನವನು ಮೈಮುರಿದ. ನೋಡಾನ ಬುಡಮ್ಮ ಅಂದ. ಅವನ ಆಕಳಿಕೆ ಮೂರು ವರ್ಷದಲ್ಲಿ ಒಂದು ಚೂರೂ ಬದಲಾಗಿರಲಿಲ್ಲ.

ಆ ತಿಂಗಳು ಸೇವಂತಿಗೆ ಸಸಿ ತರಲು ತೋವಿನಕೆರೆ ಕಡೆ ಹೋಗಿದ್ದೆ, ಬಸ್ಸಿನಲ್ಲಿ. ಆ ಪ್ರಸಿದ್ಧ ಜೀಪಿನ ಮನೆ ಯಾವುದೆಂದು ವಿಚಾರಿಸಿದೆ. ತೋರಿಸಿದರು. ಜೀಪು ಹಿತ್ತಲಲ್ಲಿ ನಿಂತಿತ್ತು, ಬಾನೆಟ್ಟಿನ ಮೇಲೆ ಕುಂಬಳದ ಬಳ್ಳಿ ಹಬ್ಬಿ, ಸ್ಟೇರಿಂಗಿನ ಹತ್ತಿರ ಎರಡು ಕಾಯಿ ಬಿಟ್ಟಿತ್ತು. ಆ ಮನೆಯಾಕೆ ನನಗೊಂದು ಕುಂಬಳಕಾಯಿ ಕೊಟ್ಟು ಕಳಿಸಿದರು. ಅವತ್ತು ರಾತ್ರಿ ಅದನ್ನೇ ಹುಳಿ ಮಾಡಿ ಬಡಿಸಿದೆ. ಯಜಮಾನರು ಕಾಯಿ ಎಲ್ಲಿಯದೆಂದರು. ತೋವಿನಕೆರೆ ಜೀಪಿನದು ಅಂದೆ. ಎರಡನೇ ಸಲ ಬಡಿಸಿಕೊಳ್ಳಲಿಲ್ಲ.

ಕಾರಣ ನನಗೆ ಹೊಳೆದದ್ದು ತೋಟದಲ್ಲಿ. ಹೂವಿಗೆ ನಾವು ಹನಿ ನೀರಾವರಿ ಮಾಡುತ್ತೇವೆ. ಮೋಟರು ತಳ್ಳುವ ನೀರು ಆ ಸಣ್ಣ ಪೈಪುಗಳಿಗೆ ಜಾಸ್ತಿ. ಅದಕ್ಕೇ ಪಕ್ಕದಲ್ಲೊಂದು ಬೈಪಾಸ್ ವಾಲ್ವ್ ಇಟ್ಟು, ಹೆಚ್ಚಾದ ನೀರನ್ನು ವಾಪಸು ತೊಟ್ಟಿಗೆ ಬಿಡುತ್ತೇವೆ. ಅವತ್ತು ಕಳೆ ತೆಗೆಯಲು ಬಂದವರು ಯಾರೋ ಆ ವಾಲ್ವ್ ತಿರುಗಿಸಿ ಮುಚ್ಚಿಬಿಟ್ಟಿದ್ದರು. ಮೋಟರು ಹಾಕುತ್ತಿದ್ದಂತೆ ಪೈಪುಗಳು ಪಟಪಟ ಕಿತ್ತುಕೊಂಡು, ಸಾಲಿನ ತುಂಬ ನೀರು ಹಾರಿತು. ನೆನೆದ ಸೀರೆಯಲ್ಲೇ ನಿಂತು ನೋಡಿದೆ. ಜೀಪಿನ ಪೆಟ್ರೋಲು ವಾಪಸು ಹೋಗುವ ದಾರಿಗೆ ಬೋಲ್ಟು ತುರುಕಿದ ಗಳಿಗೆ ಕಣ್ಣೆದುರು ಬಂತು.

ಸಂಜೆ ಅದನ್ನೇ ಹೇಳಿದೆ. ಜಗುಲಿಯ ಮೇಲೆ ವೈಂಡಿಂಗ್ ಅಂಗಡಿಯವರೂ ಇದ್ದರು. ದಿನಾ ಬೈಪಾಸ್ ವಾಲ್ವ್ ತಿರುಗಿಸುವ ಕೈ ನನ್ನದು, ಬೋರ್‌ವೆಲ್ ಮೋಟರಿನಲ್ಲೇ ಅನ್ನ ತಿನ್ನುವವರು ಅವರು. ಅವರಿಗೆ ಅರ್ಥವಾಗಬೇಕಿತ್ತು. "ಅಕ್ಕಾ, ನೀರೇ ಬೇರೆ, ಪೆಟ್ರೋಲೇ ಬೇರೆ. ಇದು ಸಾರು ಮಾಡೋ ಲೆಕ್ಕ ಅಲ್ಲ" ಅಂದರು. ಯಜಮಾನರು ನಕ್ಕರು. ಕಾಫಿ ತರಲು ಒಳಗೆ ಹೋದವಳು ಕಾಫಿ ತರಲಿಲ್ಲ.

ಕಾರ್ಬೊರೇಟರಿನ ಬಿಲ್ಲು ಮೊಳೆಗೆ ಚುಚ್ಚಿದ್ದಲ್ಲೇ ಇತ್ತು. ಅದರಲ್ಲಿದ್ದ ನಂಬರಿಗೆ ಫೋನು ಮಾಡಿದೆ. ಸಿರಾದ ಸಾಬರು ವಯಸ್ಸಾದವರು, ನಿಧಾನದ ಮಾತು. ಪಂಪು ಯಾವುದಿದೆ ಎಂದರು, ಹೇಳಿದೆ. ರಿಟರ್ನ್ ಪೈಪು ಏನು ಮಾಡಿದ್ದಾರೆ ಎಂದರು, ಹೇಳಿದೆ. ಆಮೇಲೆ ಕೇಳಿದರು, ಬಿಚ್ಚಿದ ಸಾಮಾನೆಲ್ಲ ಏನಾಯಿತು, ಅಸಲಿಗೆ ಅದನ್ನು ಬಿಚ್ಚಿದ್ದು ಯಾಕೆ? ಅದುವರೆಗೆ ಆ ಪ್ರಶ್ನೆಯನ್ನು ಯಾವ ಗಂಡಸೂ ಕೇಳಿರಲಿಲ್ಲ.

ಗೋಣಿಚೀಲ ಅಟ್ಟದಿಂದ ಇಳಿಸಿ, ಮಧುಗಿರಿಯಲ್ಲಿ ಬಸ್ಸು ಬದಲಿಸಿ, ಸಿರಾಕ್ಕೆ ಹೋದೆ. ಕಂಡಕ್ಟರು ಲಗೇಜು ಏನೆಂದರೆ ಕಂಪ್ಯೂಟರ್ ಅಂದೆ, ಗೋಣಿಚೀಲ ನೋಡಿ ನಕ್ಕ. ಸಾಬರು ಚೀಲವನ್ನು ಟಾರ್ಪಾಲಿನ ಮೇಲೆ ಸುರಿದು, ಕನ್ನಡಕ ಹಾಕಿಕೊಂಡು, ವೈರಿನ ಕಂತೆಯನ್ನು ಒಂದು ತುದಿಯಿಂದ ಬೆರಳಲ್ಲಿ ಸವರುತ್ತ ಬಂದರು. ಒಂದು ಕಡೆ ನಿಂತರು. ಟೇಪು ಸುತ್ತಿದ ಜಾಗವನ್ನು ಬಿಡಿಸಿ ನನ್ನ ಮುಂದೆ ಹಿಡಿದರು. ಎರಡು ವೈರು, ಹಲ್ಲಿನ ಗುರುತು ಸಮೇತ ಕತ್ತರಿಸಿಹೋಗಿದ್ದವು. ಪಕ್ಕದಲ್ಲಿ ಕಡಲೆಕಾಯಿ ಸಿಪ್ಪೆಯ ಚೂರು ಇನ್ನೂ ಅಂಟಿಕೊಂಡಿತ್ತು.

ಅಂಥದೇ ಜೀಪೊಂದು ಅವರ ಅಂಗಡಿಯ ಮುಂದೆ ರಿಪೇರಿಗೆ ಬಂದು ನಿಂತಿತ್ತು. ಅದರ ಪೆಟ್ಟಿಗೆ ಬಿಚ್ಚಿ ನಮ್ಮದನ್ನು ಸಿಕ್ಕಿಸಿದರು. ಕೀ ತಿರುಗಿಸಿದರು. ಒಂದೇ ಸಲಕ್ಕೆ ಹತ್ತಿಕೊಂಡಿತು.

"ಕಂಪ್ಯೂಟರ್ ಬರಾಬರ್ ಐತಮ್ಮ. ಇಲಿ ತಿಂದಿರೋದು ಎರಡು ವೈರು, ಅಷ್ಟೇ. ಅವ್ರು ಕಾರ್ಬೊರೇಟರ್ ಕೇಳಿದ್ರು, ನಾನು ಮಾರಿದೆ. ಯಾಕೆ ಅಂತ ಕೇಳ್ಬೇಕಿತ್ತು, ನನ್ದೂ ತಪ್ಪೇ."

ಆ ಹುಡುಗಿ ಹೇಳಿದ್ದೂ ಇದನ್ನೇ. ವೈರಿಂಗ್ ನೋಡಬೇಕು, ಎರಡು ದಿನ ಬಿಡಿ. ಆ ಎರಡು ದಿನ ಉಳಿಸಲು ಐದು ಭಾನುವಾರ, ಹನ್ನೊಂದು ಚೀಲ ಹೂವು, ಒಂದು ಹಾಲಿನ ಪಾತ್ರೆ. ಬಸ್‌ಸ್ಟ್ಯಾಂಡಿನಲ್ಲಿ ಕೂತು ನಗಲು ಶುರುಮಾಡಿದೆ. ಪಕ್ಕದಲ್ಲಿದ್ದ ಹೆಂಗಸು ಮಗುವನ್ನು ಎತ್ತಿಕೊಂಡು ಆಚೆ ಹೋಗಿ ಕೂತಳು.

ಮನೆಗೆ ಬಂದು ಯಜಮಾನರಿಗೆ ಏನೂ ಹೇಳಲಿಲ್ಲ. ಹೇಳಿದ್ದರೆ ಜಗುಲಿಯ ಮೇಲೆ ಇನ್ನೊಂದು ಸಭೆ ಸೇರುತ್ತಿತ್ತು. ಅಷ್ಟರಲ್ಲಿ ಅವರನ್ನು ಮೂರು ದಿನದ ಕಚೇರಿ ಕೆಲಸಕ್ಕೆ ಪಾವಗಡಕ್ಕೆ ಹಾಕಿದರು. ಹೊರಡುವ ಬೆಳಗ್ಗೆ, ಗಾಡಿ ಧೂಳು ಹಿಡಿದಿದೆ, ಒಳಗೆಲ್ಲ ತೊಳೆಯಬೇಕು, ಕೀ ಇಟ್ಟು ಹೋಗಿ ಅಂದೆ. ತಕ್ಷಣ ತೆಗೆದು ಕೊಟ್ಟರು. ಮೂರು ಪ್ರಶ್ನೆಯಲ್ಲಿ ಒಂದನ್ನೂ ಕೇಳಲಿಲ್ಲ. ತೊಳೆಯುವುದಕ್ಕಾದರೆ ಹೆಂಗಸರ ಕೈಗೆ ಯಾವ ಗಾಡಿಯಾದರೂ ಒಗ್ಗುತ್ತದೆ.

ಫೋನು ಮಾಡಿದೆ, ಸಾಬರು ಮಾರನೇ ದಿನ ನಮ್ಮ ಗೋಣಿಚೀಲ, ತಮ್ಮ ಸ್ಪ್ಯಾನರ್ ಪೆಟ್ಟಿಗೆ ಎರಡೂ ಹಿಡಿದು ಬಂದರು. ಇಲಿ ಕಡಿದ ವೈರು ಬೆಸೆದು, ಎರಡು ದಿನ ಕೂತು ಹಳೆಯದನ್ನೆಲ್ಲ ಮತ್ತೆ ಜೋಡಿಸಿದರು. ಅವಸರವಿಲ್ಲ, ಭಾಷಣವಿಲ್ಲ. ಮಿಕ್ಕಿದ್ದ ಬೋಲ್ಟುಗಳ ಡಬ್ಬಿಯನ್ನು ನಾನೇ ತಂದುಕೊಟ್ಟೆ, ಒಂದೊಂದೂ ತನ್ನ ಜಾಗಕ್ಕೆ ಹೋಯಿತು. ರಿಟರ್ನ್ ಪೈಪಿನ ಬಾಯಿಂದ ಬೋಲ್ಟು ಎಳೆದದ್ದು ನಾನು, ನನ್ನ ಕೈಯಿಂದಲೇ. ಕಾರ್ಬೊರೇಟರನ್ನು ಸಾಬರು ವಾಪಸು ತೆಗೆದುಕೊಂಡು ಕೂಲಿಗೆ ವಜಾ ಹಾಕಿಕೊಂಡರು. ಕೊನೆಗೆ ಡ್ಯಾಶ್‌ಬೋರ್ಡಿನಲ್ಲಿ ಚೋಕಿನ ಹಿಡಿ ಒಂದು ಉಳಿಯಿತು. ಅದರ ವೈರು ಈಗ ಯಾವುದಕ್ಕೂ ಸೇರಿರಲಿಲ್ಲ. ಇದನ್ನೂ ತೆಗೀಲಾ ಎಂದು ಕೇಳಿದರು. ಬೇಡ, ಇರಲಿ ಅಂದೆ. ನನ್ನ ಮುಖ ನೋಡಿದರು. ಎರಡು ದಿನದಲ್ಲಿ ಆ ಮನುಷ್ಯ ನಕ್ಕದ್ದು ಆಗ ಒಂದೇ ಸಲ.

ಆ ಸಂಜೆ ಪಾವಗಡದಿಂದ ಬಂದ ಯಜಮಾನರು ತೊಳೆದ ಗಾಡಿ ನೋಡಿ ಖುಷಿಯಾದರು. ಹತ್ತಿ ಕೂತರು. ಚೋಕು ಪೂರ್ತಿ ಎಳೆದರು. ಇಪ್ಪತ್ತು ಎಣಿಸಿದರು. ಮೂರು ಸಲ ತುಳಿದರು, ನಾಲ್ಕಲ್ಲ. ತಲೆ ವಾಲಿಸಿದರು. ಕೀ ತಿರುಗಿಸಿದ ಕೂಡಲೇ ಹತ್ತಿಕೊಂಡಿತು, ಹೊಗೆಯಿಲ್ಲ, ಕೆಮ್ಮಿಲ್ಲ. ಚೋಕನ್ನು ಅರ್ಧ ತಳ್ಳಿ, ನನ್ನ ಕಡೆ ತಿರುಗಿ, "ನೋಡ್ದಾ? ಕೈ ಕೂರ್ಬೇಕು ಅಷ್ಟೇ" ಅಂದರು. ಹೌದು ಅಂದೆ. ಒಳಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡೆ. ಕೀ ಮಾತ್ರ ಮತ್ತೆ ಅವರ ಜೇಬಿಗೇ ಹೋಯಿತು.

ಎರಡು ದಿನ ಹೀಗೇ ನಡೆಯಿತು. ಪಾವಗಡದ ಕಚೇರಿಯಲ್ಲಿ ಮೂರು ದಿನವೂ ಕಾರ್ಬೊರೇಟರಿನ ಪ್ರವಚನ ಮಾಡಿ ಬಂದಿದ್ದರಂತೆ. ಅದನ್ನು ಕಣ್ಣಾರೆ ನೋಡಲು ಅಲ್ಲಿಯ ಸಹೋದ್ಯೋಗಿಯೊಬ್ಬರು ಭಾನುವಾರ ಬಂದರು, ಮನೆಮಾತು ತೆಲುಗಿನವರು. ವೈಂಡಿಂಗ್ ಅಂಗಡಿಯವರೂ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದರು. ಯಜಮಾನರು ಗಾಡಿಯ ಪಕ್ಕ ನಿಂತು ಹತ್ತು ನಿಮಿಷ ಪೀಠಿಕೆ ಹಾಕಿದರು. ನಾನು ಬಾಗಿಲಿಗೆ ಒರಗಿ ನಿಂತಿದ್ದೆ. ಬಾನೆಟ್ ಎತ್ತಿದರು.

ಪಾವಗಡದವರು ಬಗ್ಗಿ ನೋಡಿದರು. ಇನ್ನೊಂದು ಕಡೆಯಿಂದಲೂ ನೋಡಿದರು.

"ಕಾರ್ಬೊರೇಟರ್ ಏದಿ ಸಾರ್?"

ಎಲ್ಲಿ ಎಂದು ಕೇಳಿದ್ದು. ವೈಂಡಿಂಗ್ ಅಂಗಡಿಯವರ ಮುಖ ಬಿಳಿಚಿಕೊಂಡಿತ್ತು. ಯಜಮಾನರು ಪೆಟ್ಟಿಗೆ ನೋಡಿದರು, ವೈರು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ಕಣ್ಣು ತೆಗೆಯಲಿಲ್ಲ. ಬೈಯುತ್ತಾರೆ, ಬೈಯಲಿ, ಎಲ್ಲರ ಮುಂದೆಯೇ ಆಗಲಿ ಎಂದು ಕಾದೆ. ಅವರು ಬಾನೆಟ್ಟನ್ನು ಮೆಲ್ಲಗೆ ಇಳಿಸಿ, ಕೈ ಒರೆಸಿಕೊಂಡರು.

"ಮೈಲೇಜ್ ಬರ್ತಿರ್ಲಿಲ್ಲ. ನಾನೇ ವಾಪಸ್ ಹಾಕ್ಸಿದೆ" ಅಂದರು.

ಅಷ್ಟು ಸಲೀಸಾಗಿ ಬಂತು ಆ ಮಾತು. ವೈಂಡಿಂಗ್ ಅಂಗಡಿಯವರು ಒಂದು ಕ್ಷಣ ತಡವರಿಸಿ, ಹೌದು, ನಾನೇ ಹೇಳಿದ್ದು ಅಂದರು. ನಾನು ಒಳಗೆ ಹೋಗಿ ಎಲ್ಲರಿಗೂ ಕಾಫಿ ಇಟ್ಟೆ. ಮಾಡಿದ್ದು ನಾನು, ಹೆಸರು ಅವರಿಗೆ. ಆಗಲಿ. ನನಗೆ ಬೇಕಾಗಿದ್ದದ್ದು ಹೆಸರಲ್ಲ.

ಬಂದವರು ಹೋದ ಮೇಲೆ ಯಜಮಾನರು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು. ಜಗಳಕ್ಕೆ ತಯಾರಾಗಿಯೇ ಇದ್ದೆ. ಅವರು ಕೇಳಿದ್ದು ಒಂದೇ, ಏನಾಗಿತ್ತು ಅದಕ್ಕೆ ಎಂದು. ಇಲಿ ಅಂದೆ. ಎರಡು ವೈರು. ಸಾಬರು ಬಿಡಿಸಿದ ಟೇಪಿನಲ್ಲಿ ಅಂಟಿದ್ದ ಕಡಲೆಕಾಯಿ ಸಿಪ್ಪೆಯನ್ನು ಕಾಗದದಲ್ಲಿ ಸುತ್ತಿ ಸಾಸಿವೆ ಡಬ್ಬಿಯಲ್ಲಿ ಇಟ್ಟಿದ್ದೆ. ತೆಗೆದು ಅವರ ಅಂಗೈಯಲ್ಲಿ ಇಟ್ಟೆ. ಬಹಳ ಹೊತ್ತು ನೋಡಿದರು. ಆಮೇಲೆ ಜೇಬಿನಿಂದ ಕೀ ತೆಗೆದು, ಉಪ್ಪಿನ ಜಾಡಿಯ ಪಕ್ಕ ಇಟ್ಟು ಹೊರಗೆ ಹೋದರು. ಅವರನ್ನು ಕಂಡು ಅಯ್ಯೋ ಅನ್ನಿಸಿದ್ದೂ ನಿಜ. ಅರ್ಧ ಗಂಟೆ ಅನ್ನಿಸಿತು.

ಈಗ ಸಂಜೆ ಹೂವು ತುಂಬಿಕೊಂಡು ಹಳ್ಳ ದಾಟುತ್ತೇನೆ, ಬೆಳಗ್ಗೆ ಐದೂವರೆಗೆ ಗೂಡಿಗೆ ಕೈ ಹಾಕುತ್ತೇನೆ, ಬಸ್ಸು ಬರುವ ಮುಂಚೆ ಕ್ರಾಸಿನಲ್ಲಿರುತ್ತೇನೆ. ಎದುರುಮನೆಯವನು ಆಕಳಿಸಿದರೆ ಅದು ಅವನ ಪಾಡು. ಚೋಕಿನ ಹಿಡಿಯನ್ನು ತೆಗೆಸಿಲ್ಲ, ತೆಗೆಸುವುದೂ ಇಲ್ಲ. ಯಜಮಾನರು ಓಡಿಸುವ ದಿನ ಅವರ ಕೈ ತಾನಾಗಿ ಅದರ ಮೇಲೆ ಹೋಗುತ್ತದೆ, ಎಳೆಯುತ್ತದೆ, ನಾನು ಪಕ್ಕದಲ್ಲಿದ್ದೇನೆಂದು ನೆನಪಾಗಿ ಮೆಲ್ಲಗೆ ತಳ್ಳುತ್ತದೆ. ನಾನು ಕಿಟಕಿಯಾಚೆ ನೋಡುತ್ತೇನೆ.

ಆಚೆ ಭಾನುವಾರ ಅವರು ಅಡುಗೆಮನೆಗೆ ಬಂದು ಗೂಡಿಗೆ ಕೈಚಾಚಿದರು. ನಾನು ಒಗ್ಗರಣೆಗೆ ನಿಂತಿದ್ದೆ, ತಿರುಗಲಿಲ್ಲ.

"ಯಾಕೆ? ಎಲ್ಲಿಗೆ? ಎಷ್ಟೊತ್ತಿಗೆ ಬತ್ತೀರ?" ಎಂದೆ.

ಮೂರಕ್ಕೂ ಹೇಳಿದರು, ಗೊಬ್ಬರದ ಅಂಗಡಿಗೆ, ಮಧುಗಿರಿಗೆ, ಹನ್ನೆರಡರೊಳಗೆ ಬರುತ್ತೇನೆ ಎಂದು. ಬಂದಾಗ ಹನ್ನೆರಡಕ್ಕೆ ಇನ್ನೂ ಐದು ನಿಮಿಷ ಇತ್ತು.